ಮಂಡಿಗೆ ಪೆಟ್ಟಾದಾಗ ಜಿಮ್‌ನಲ್ಲಿ ಏನು ಮಾಡಬಹುದು, ಏನು ಬೇಡ

ಮೊದಲು ಈ ಬರಹ ಯಾರಿಗಲ್ಲ ಅಂತ ಹೇಳಿಬಿಡುತ್ತೇನೆ. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡೋಕೂ ಆಗುತ್ತಿಲ್ಲವಾ? ಮಂಡಿ 90 ಡಿಗ್ರಿವರೆಗೂ ಮಡಚೋಕೆ ಬರುತ್ತಿಲ್ಲವಾ? ಮಂಡಿಚಿಪ್ಪನ್ನು ಒತ್ತಿದರೆ, ಅಥವಾ ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬನ್ನು ಒತ್ತಿದರೆ ನೋವಾ? ವಯಸ್ಸು 55 ಅಥವಾ ಅದಕ್ಕಿಂತ ಜಾಸ್ತಿಯಾ? ಒಂದಕ್ಕೆ ಹೌದು ಅಂದರೂ ಮೊದಲು ಎಕ್ಸ್‌ರೇ. ವೈದ್ಯರು ಬಳಸುವ ಒಟ್ಟಾವ ನಿಯಮದಲ್ಲಿರುವ ಪ್ರಶ್ನೆಗಳೇ ಇವು. ಇವಲ್ಲದೆ ಮಂಡಿ ಅರ್ಧಕ್ಕೇ ಸಿಕ್ಕಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತಾದರೆ, ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಜ್ವರದ ಜೊತೆ ಮಂಡಿ ಕೆಂಪಾಗಿದ್ದರೆ, ಜಿಮ್ ಮಾತು ಆಮೇಲೆ. ಅವತ್ತೇ ಆಸ್ಪತ್ರೆಗೆ ಹೋಗಿ.

ಉಳಿದವರು ಮುಂದೆ ಓದಬಹುದು.

ನಾನು ಡಾಕ್ಟರೂ ಅಲ್ಲ, ಟ್ರೈನರೂ ಅಲ್ಲ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ, ಬೆಳಿಗ್ಗೆ ಬೇಗ ಎದ್ದು ಜಿಮ್, ವಯಸ್ಸು ನಲವತ್ತರ ಮೇಲೆ. ಆಫೀಸಿನ ಥ್ರೋಬಾಲ್ ಪಂದ್ಯದಲ್ಲಿ ಒಂದೇ ಬಾಲಿಗೆ ಇಬ್ಬರು ಓಡಿದೆವು. ನನ್ನ ಎಡಗಾಲು ನೆಲಕ್ಕೆ ಊರಿತ್ತು, ಅವರು ಹೊರಗಡೆಯಿಂದ ಅದರ ಮೇಲೆ ಬಿದ್ದರು. ಮಂಡಿ ಒಳಗಡೆಗೆ ವಾಲಿತು. ಒಳಬದಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿ, ಅರ್ಧ ಹರಿದಿತ್ತು. ಇದಕ್ಕೆ ಎಂಸಿಎಲ್ ಗ್ರೇಡ್ 2 ಅಂತಾರೆ.

ನಿಮ್ಮ ಪೆಟ್ಟಿನ ಹೆಸರೇನು ಅಂತ ತಿಳಿದುಕೊಳ್ಳುವುದು ಮೊದಲ ಕೆಲಸ. 'ಮಂಡಿ ನೋವು' ಅಂದರೆ ಯಾವುದೂ ಆಗಬಹುದು. ಒಳಬದಿಯ ಎಂಸಿಎಲ್‌ಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಅದಕ್ಕೇ ಬಹುಪಾಲು ಆಪರೇಷನ್ ಇಲ್ಲದೆ ಕೂಡಿಕೊಳ್ಳುತ್ತದೆ. ಮಂಡಿಯ ನಡುವೆ ಇರುವ ಇನ್ನೊಂದು ಲಿಗಮೆಂಟ್ ಎಸಿಎಲ್ ಪೂರ್ತಿ ಹರಿದರೆ ಕಥೆಯೇ ಬೇರೆ. ಎರಡು ಮೂಳೆಗಳ ಮಧ್ಯೆ ಮೆತ್ತೆಯ ಹಾಗೆ ಇರುವ ಮೆನಿಸ್ಕಸ್‌ನಲ್ಲಿ ಹೊರಅಂಚಿಗೆ ಮಾತ್ರ ರಕ್ತ ಸಿಗುತ್ತದೆ, ಒಳಅಂಚು ಹರಿದರೆ ತಾನಾಗೇ ಕೂಡುವುದು ಕಷ್ಟ. ಒಂದು ಸುಳಿವು ಹೇಳುತ್ತೇನೆ: 'ಪಟ್' ಅಂತ ಸದ್ದಾಗಿ ಒಂದೆರಡು ಗಂಟೆಯೊಳಗೆ ಮಂಡಿ ಊದಿಕೊಂಡರೆ ಒಳಗೆ ರಕ್ತ ಸೇರಿದೆ ಅಂತ ಅರ್ಥ, ಎಸಿಎಲ್ ಬಗ್ಗೆ ಅನುಮಾನ ಪಡಲೇಬೇಕು. ಮಾರನೇ ದಿನ ನಿಧಾನವಾಗಿ ಊದಿದರೆ ಸಾಮಾನ್ಯವಾಗಿ ಅಷ್ಟು ದೊಡ್ಡದಿರುವುದಿಲ್ಲ. ಆದರೂ ಕೈಯಿಟ್ಟು ನೋಡುವವರು ಒಬ್ಬರು ಬೇಕು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ, "ಎಕ್ಸ್‌ರೇ ನಾರ್ಮಲ್" ಅಂದ ತಕ್ಷಣ ಏನೂ ಆಗಿಲ್ಲ ಅಂದುಕೊಳ್ಳಬೇಡಿ.

ನಮ್ಮ ಅತ್ತೆ ಮೊದಲ ದಿನವೇ "ಪುತ್ತೂರು ಕಟ್ಟು ಕಟ್ಟಿಸಿಬಿಡು" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಲಿಗಮೆಂಟ್ ಪೆಟ್ಟಿಗೆ ವಾರಗಟ್ಟಲೆ ಕಾಲನ್ನು ಅಲುಗಾಡದ ಹಾಗೆ ಬಿಗಿದಿಟ್ಟರೆ ಮಂಡಿ ಮರಗಟ್ಟುತ್ತದೆ, ತೊಡೆ ಬಡವಾಗುತ್ತದೆ. ಎಳೆದು ಉಜ್ಜಿಸುವುದಂತೂ ಬೇಡವೇ ಬೇಡ.

ಮೊದಲ ವಾರ: ಜಿಮ್ ಮನೆಯಲ್ಲೇ

ಐಸ್ ಇಡಬೇಕಾ ಬೇಡವಾ ಅಂತ ಎಲ್ಲರೂ ಕೇಳುತ್ತಾರೆ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರ ಅಂತ 1978ರಲ್ಲಿ ಸೂತ್ರ ಮಾಡಿಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮರ್ಕಿನ್ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ತಡ ಮಾಡಬಹುದು ಅಂತ 2014ರಲ್ಲಿ ಬರೆದರು. ನಾನು ಐಸನ್ನು ನೋವಿಗೆ ಮಾತ್ರ ಬಳಸಿದೆ. ತೆಳು ಬಟ್ಟೆ ಸುತ್ತಿ, ಹತ್ತು-ಹದಿನೈದು ನಿಮಿಷ, ಮಲಗುವ ಮುಂಚೆ. ಕಾಲು ಎತ್ತರದಲ್ಲಿಡುವುದು, ಕ್ರೇಪ್ ಬ್ಯಾಂಡೇಜ್ ಕೆಳಗಿನಿಂದ ಮೇಲಕ್ಕೆ ಸುತ್ತುವುದು, ಇವೆರಡರಿಂದ ಊತ ನಿಜಕ್ಕೂ ಇಳಿಯಿತು.

ಒಂದು ವಿಷಯ ಬಹಳ ಮುಖ್ಯ. ಮಲಗುವಾಗ ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡರೆ ಹಾಯ್ ಅನಿಸುತ್ತದೆ. ಇಡಬೇಡಿ. ಮಂಡಿ ಸ್ವಲ್ಪ ಮಡಚಿಕೊಂಡೇ ಬಿಗಿದುಬಿಡುತ್ತದೆ, ಆಮೇಲೆ ಅದನ್ನು ನೇರ ಮಾಡೋಕೆ ತಿಂಗಳು ಹಿಡಿಯಬಹುದು. ದಿಂಬು ಹಿಮ್ಮಡಿಯ ಕೆಳಗೆ ಇಡಿ. ಮಂಡಿ ತನ್ನ ಭಾರಕ್ಕೆ ತಾನೇ ನೇರವಾಗಲಿ. ಮಡಚುವುದು ನಿಧಾನಕ್ಕೆ ಬರುತ್ತದೆ, ನೇರ ಮಾಡುವುದು ಮೊದಲು ಬರಬೇಕು. ನನ್ನ ಫಿಸಿಯೋ ಹುಡುಗಿ ಈ ಒಂದು ವಿಷಯದಲ್ಲಿ ಮಾತ್ರ ಬೈಯುತ್ತಿದ್ದಳು. ಡಾಕ್ಟರ್ ನಿಮಗೆ ಬ್ರೇಸ್ ಹಾಕಿ ಒಂದು ಕೋನಕ್ಕೆ ನಿಲ್ಲಿಸಿದ್ದರೆ ಮಾತ್ರ ಅವರು ಹೇಳಿದಂತೆ ಕೇಳಿ.

ಈಗ ಮೊದಲ ವ್ಯಾಯಾಮ. ನೋಡೋಕೆ ತೀರಾ ಸಣ್ಣದು, ಜಿಮ್‌ಗೆ ಹೋಗುವವರಿಗೆ ಅವಮಾನ ಅನಿಸುವಷ್ಟು ಸಣ್ಣದು. ಕಾಲು ಚಾಚಿ ಕೂತುಕೊಳ್ಳಿ. ಟವೆಲ್ ಸುರುಳಿ ಸುತ್ತಿ ಮಂಡಿಯ ಹಿಂದೆ ಇಡಿ. ಆ ಟವೆಲ್ಲನ್ನು ಮಂಡಿಯಿಂದ ಕೆಳಕ್ಕೆ ಒತ್ತಿ, ಐದು ಸೆಕೆಂಡ್ ಹಿಡಿದು ಬಿಡಿ. ಒತ್ತುವಾಗ ಮಂಡಿಚಿಪ್ಪಿನ ಮೇಲೆ, ಒಳಬದಿಯಲ್ಲಿ ನೋಡುತ್ತಿರಿ. ಅಲ್ಲಿ ಹನಿಯಾಕಾರದ ಒಂದು ಸ್ನಾಯು ಉಬ್ಬಬೇಕು, ಮಂಡಿಚಿಪ್ಪು ತೊಡೆ ಕಡೆಗೆ ಜಾರಬೇಕು. ಚೆನ್ನಾಗಿರುವ ಕಾಲಿನಲ್ಲಿ ಮೊದಲು ಮಾಡಿ ನೋಡಿಕೊಳ್ಳಿ. ಪೆಟ್ಟಾದ ಕಾಲಿನಲ್ಲಿ ಎಷ್ಟು ಒತ್ತಿದರೂ ಅಲ್ಲಿ ಏನೂ ಅಲುಗಾಡುವುದಿಲ್ಲ! ಹೆದರಬೇಡಿ, ಸಾಮಾನ್ಯವಾಗಿ ಸ್ನಾಯು ಹರಿದಿರುವುದಿಲ್ಲ. ಮಂಡಿಯೊಳಗೆ ನೀರು ತುಂಬಿದಾಗ ನರಗಳೇ ತೊಡೆಯ ಸ್ನಾಯುವಿಗೆ ಸುಮ್ಮನಿರು ಅನ್ನುತ್ತವೆ. ಏನೂ ತೊಂದರೆಯಿಲ್ಲದ ಮಂಡಿಗೆ ಸಲೈನ್ ತುಂಬಿ ನೋಡಿದ ಪ್ರಯೋಗಗಳಲ್ಲೂ ಹೀಗೇ ಆಗಿದೆ. ಹಾಗಾಗಿ ಊತ ಇಳಿಸುವುದು ಅಂದದ ಪ್ರಶ್ನೆಯಲ್ಲ. ಊತ ಇರುವವರೆಗೆ ತೊಡೆ ಪೂರ್ತಿ ಕೆಲಸ ಮಾಡುವುದಿಲ್ಲ.

ಬೆರಳಿನಿಂದ ಆ ಸ್ನಾಯುವನ್ನು ಟಪ್ ಟಪ್ ಅಂತ ತಟ್ಟುತ್ತಾ ಒತ್ತಿದರೆ ಬೇಗ ಎಚ್ಚರವಾಗುತ್ತದೆ. ಹತ್ತು ಸಲ ಮಾಡಿದರೆ ಒಂದು ಸುತ್ತು, ದಿನಕ್ಕೆ ಐದಾರು ಸುತ್ತು. ನಾನು ಕೌಂಟರಿನ ಕೆಳಗೆ ಸ್ಟೂಲ್ ಇಟ್ಟುಕೊಂಡು, ಕಾಲು ಚಾಚಿ, ಪಾಸ್‌ಬುಕ್ ಪ್ರಿಂಟ್ ಆಗುವಷ್ಟು ಹೊತ್ತು ಮಾಡುತ್ತಿದ್ದೆ. ಸ್ನಾಯು ಉಬ್ಬೋಕೆ ಶುರುವಾದ ಮೇಲೆ ಕಾಲನ್ನು ನೇರವಾಗಿಟ್ಟು ಒಂದಡಿ ಎತ್ತಿ ಇಳಿಸಿ. ಎತ್ತುವಾಗ ಮಂಡಿ ಚೂರೂ ಮಡಚಬಾರದು. ಮಡಚಿದರೆ ಇನ್ನೂ ಸಮಯ ಬೇಕು ಅಂತ ಅರ್ಥ. ಜೊತೆಗೆ ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸಿ ನಿಧಾನಕ್ಕೆ ಮಡಚುವುದು. ಕಾಲಿಗೆ ನುಣುಪು ಸಾಕ್ಸ್ ಹಾಕಿಕೊಂಡರೆ ಸಲೀಸು.

ಬೆಳಗಿನ ತಾಳೆ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ವ್ಯಾಯಾಮ ಮಾಡುವಾಗ ಮಂಡಿ ಪೂರ್ತಿ ಸತ್ಯ ಹೇಳುವುದಿಲ್ಲ. ಮೈ ಬಿಸಿಯಾಗಿರುತ್ತದೆ, ಹಾಡು ಜೋರಾಗಿರುತ್ತದೆ, ಪಕ್ಕದಲ್ಲಿ ಯಾರೋ ನಮ್ಮನ್ನು ನೋಡುತ್ತಿರುತ್ತಾರೆ. ಇವತ್ತು ಮಾಡಿದ್ದು ಜಾಸ್ತಿಯಾಯಿತಾ ಅಂತ ಮಾರನೇ ಬೆಳಿಗ್ಗೆ ಗೊತ್ತಾಗುತ್ತದೆ. ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ತಾಳೆ ಹಾಕದೆ ಮನೆಗೆ ಹೋಗುವ ಹಾಗಿಲ್ಲವಲ್ಲ, ಹಾಗೆ ಬೆಳಿಗ್ಗೆ ಮಂಡಿಯ ತಾಳೆ ಹಾಕದೆ ನಾನು ಶೂ ಕಟ್ಟುತ್ತಿರಲಿಲ್ಲ.

ಎದ್ದ ತಕ್ಷಣ, ಕಾಫಿಗೂ ಮುಂಚೆ, ಹಾಸಿಗೆ ಮೇಲೇ ಮೂರು ಕೆಲಸ. ಟೈಲರ್ ಟೇಪಿನಿಂದ ಮಂಡಿಚಿಪ್ಪಿನ ನಡುಮಧ್ಯೆ ಸುತ್ತಳತೆ ತೆಗೆಯಿರಿ, ಎರಡೂ ಕಾಲಿನದು. ನೆನ್ನೆಗಿಂತ ಒಂದು ಸೆಂಟಿಮೀಟರ್ ಹೆಚ್ಚಿದ್ದರೆ ನಾನು ಅದನ್ನು ಎಚ್ಚರಿಕೆ ಅಂತಲೇ ತೆಗೆದುಕೊಳ್ಳುತ್ತಿದ್ದೆ. ಎರಡನೆಯದು, ಹಿಮ್ಮಡಿ ಹಾಸಿಗೆಯ ಮೇಲಿಟ್ಟು ಮಂಡಿ ಪೂರ್ತಿ ನೇರವಾಗುತ್ತದಾ ನೋಡಿ. ನೆನ್ನೆ ಆಗುತ್ತಿದ್ದದ್ದು ಇವತ್ತು ಆಗದಿದ್ದರೆ ಒಳಗೆ ನೀರು ಕೂತಿದೆ.

ಮೂರನೆಯದನ್ನು ಫಿಸಿಯೋ ಹತ್ತಿರ ಒಂದು ಸಲ ಕಲಿಯಿರಿ, ಆಮೇಲೆ ನಿಮಗೇ ಬರುತ್ತದೆ. ಕಾಲು ಚಾಚಿ ತೊಡೆ ಸಡಿಲ ಬಿಡಿ. ಮಂಡಿಚಿಪ್ಪಿನ ಒಳಬದಿಯಲ್ಲಿ ಒಂದು ಸಣ್ಣ ಗುಳಿ ಇರುತ್ತದೆ. ಅಂಗೈಯಿಂದ ಆ ಗುಳಿಯನ್ನು ಕೆಳಗಿನಿಂದ ಮೇಲಕ್ಕೆ, ತೊಡೆ ಕಡೆಗೆ ಎರಡು ಮೂರು ಸಲ ಸವರಿ. ಈಗ ಹೊರಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಸಲ ಸವರಿ, ಕಣ್ಣು ಮಾತ್ರ ಒಳಬದಿಯ ಗುಳಿಯ ಮೇಲಿರಲಿ. ನೀರಿದ್ದರೆ ಗುಳಿ ಸಣ್ಣ ಅಲೆಯ ಹಾಗೆ ತುಂಬಿ ಏಳುತ್ತದೆ. ಸವರದೇ ಇದ್ದರೂ ತಾನಾಗೇ ತುಂಬಿಕೊಂಡರೆ ನೀರು ಜಾಸ್ತಿ ಇದೆ. ಏನೂ ಏಳದಿದ್ದರೆ ಆ ದಿನ ಖುಷಿಯ ದಿನ. ಟ್ಯೂಬ್‌ಲೈಟ್‌ಗಿಂತ ಕಿಟಕಿ ಬೆಳಕಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ವ್ಯಾಯಾಮದ ಹೊತ್ತಿನಲ್ಲಿ ಮೂರರವರೆಗೆ ಪರವಾಗಿಲ್ಲ. ಮಾರನೇ ಬೆಳಿಗ್ಗೆಗೆ ಅದು ಹಳೆ ಮಟ್ಟಕ್ಕೆ ಇಳಿದಿರಬೇಕು, ಊತವೂ ಹೆಚ್ಚಿರಬಾರದು. ಹಾಗಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಬಹುದು. ಊತ ಹೆಚ್ಚಿದ್ದರೆ ಆ ದಿನ ಕಾಲಿನ ವ್ಯಾಯಾಮ ಇಲ್ಲ, ಟವೆಲ್ ಒತ್ತುವುದು ಮಾತ್ರ. ಮುಂದಿನ ಸಲ ಹಿಂದಿನ ಮಟ್ಟಕ್ಕೆ ಇಳಿಯಿರಿ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿಲ್ಲ, ಲೆಕ್ಕ ಅಷ್ಟೇ.

ಇನ್ನೊಂದು ಮಾತು. ನೋವಿನ ಮಾತ್ರೆ ನುಂಗಿ ಜಿಮ್‌ಗೆ ಹೋಗಬೇಡಿ. ಆ ಮೂರು ಅಂಕದ ಲೆಕ್ಕವೇ ಕೆಟ್ಟುಹೋಗುತ್ತದೆ. ಮಾತ್ರೆ ಬೇಕಾಗುವಷ್ಟು ನೋವಿದ್ದರೆ ಆ ದಿನ ಮನೆಯಲ್ಲೇ ಇರಿ.

ಜಿಮ್‌ಗೆ ವಾಪಸ್, ಕಾಲು ಇನ್ನೂ ರೆಡಿ ಇಲ್ಲದಾಗ

ಕುಂಟದೆ ನಡೆಯೋಕೆ ಬಂದರೆ, ಅಥವಾ ಬ್ರೇಸ್ ಹಾಕಿಕೊಂಡು ಸಲೀಸಾಗಿ ಓಡಾಡೋಕೆ ಬಂದರೆ ಜಿಮ್‌ಗೆ ಹೋಗಬಹುದು. ಜನ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ. ಬ್ರೇಸ್ ಹಾಕುವ ಹೆಂಗಸರಿಗೆ ಒಂದು ಸಲಹೆ: ಲೆಗ್ಗಿಂಗ್ಸ್ ಮೇಲೆ ಬ್ರೇಸ್ ಜಾರುತ್ತದೆ, ಚರ್ಮಕ್ಕೆ ತಾಗಿಸಿ ಹಾಕಿ ಮೇಲೆ ಸಡಿಲ ಪ್ಯಾಂಟ್ ಹಾಕಿ. ಆಫೀಸಿಗೆ ಸೀರೆಯೊಳಗೆ ಅದು ಕಾಣುವುದೇ ಇಲ್ಲ, ಕೂತಾಗ ಮಾತ್ರ ಟಕ್ ಅನ್ನುತ್ತದೆ.

ಹೋದ ತಕ್ಷಣ ಟ್ರೈನರ್‌ಗೆ ಎರಡು ವಾಕ್ಯದಲ್ಲಿ ಹೇಳಿಬಿಡಿ: ಏನಾಗಿದೆ, ಏನು ಮಾಡಬಾರದು. ನಮ್ಮ ಟ್ರೈನರ್ ಹುಡುಗ "ಮೇಡಂ, ಒಂದು ತಿಂಗಳು ರೆಸ್ಟ್ ಮಾಡಿ ಬನ್ನಿ" ಅಂದ. "ಮಂಡಿಗೆ ರೆಸ್ಟ್ ಕೊಡೋಣಪ್ಪ, ನನಗ್ಯಾಕೆ?" ಅಂದೆ.

ಮೇಲ್ಭಾಗದ ವ್ಯಾಯಾಮ ಬಹುತೇಕ ಎಲ್ಲ ಮಾಡಬಹುದು, ಕೂತು ಅಥವಾ ಮಲಗಿ ಮಾಡುವಂಥದ್ದಾಗಿದ್ದರೆ. ಚೆಸ್ಟ್ ಪ್ರೆಸ್, ಕೇಬಲ್ ರೋ, ಶೋಲ್ಡರ್ ಪ್ರೆಸ್, ಲ್ಯಾಟ್ ಪುಲ್‌ಡೌನ್. ಆದರೆ ಮಂಡಿ ತಿರುಚಿಕೊಳ್ಳುವುದು ವ್ಯಾಯಾಮದಲ್ಲಲ್ಲ, ಅದರ ಹಿಂದೆ ಮುಂದೆ. ನೆಲದಿಂದ ಡಂಬೆಲ್ ಎತ್ತಿಕೊಂಡು ಹಾಗೇ ತಿರುಗುವಾಗ, ಪುಲ್‌ಡೌನ್ ಸೀಟಿನಲ್ಲಿ ತೊಡೆ ಪ್ಯಾಡಿನ ಕೆಳಗೆ ಕಾಲು ತೂರಿಸುವಾಗ, ಬೆಂಚಿನಿಂದ ಏಳುವಾಗ. ಡಂಬೆಲ್ಲನ್ನು ಪಕ್ಕದ ಬೆಂಚಿನ ಮೇಲೆ ಇಡಿಸಿಕೊಳ್ಳಿ. ತಿರುಗುವಾಗ ಪಾದ ಎತ್ತಿಟ್ಟು ತಿರುಗಿ, ಪಾದ ಊರಿ ಮೈ ತಿರುಗಿಸಬೇಡಿ. ಭಾರ ಎತ್ತಿಕೊಡಿ ಅಂತ ಕೇಳೋಕೆ ನಾಚಿಕೆ ಬೇಡ.

ಪ್ಲ್ಯಾಂಕ್ ಮಾಡುವವರು ಮಂಡಿ ಊರಿ ಮಾಡಬೇಡಿ. ಬೆಂಚಿನ ಮೇಲೆ ಮೊಣಕೈ ಊರಿ ಓರೆಯಾಗಿ ಮಾಡಿ. ಬೆನ್ನ ಮೇಲೆ ಮಲಗಿ ಕೈಕಾಲು ಒಂದೊಂದಾಗಿ ಚಾಚುವ ಡೆಡ್ ಬಗ್ ಇನ್ನೂ ಒಳ್ಳೆಯದು.

ಚೆನ್ನಾಗಿರುವ ಕಾಲನ್ನು ಬಿಡಬೇಡಿ. ಒಂದು ಕಾಲಿನಲ್ಲಿ ಲೆಗ್ ಪ್ರೆಸ್, ಒಂದು ಕಾಲಿನಲ್ಲಿ ಲೆಗ್ ಎಕ್ಸ್‌ಟೆನ್ಶನ್ ಮಾಡಿ. ಒಂದೇ ಕಾಲು ದಪ್ಪ ಆಗಿಬಿಡುತ್ತದೆ ಅಂತ ಹೆದರಿಸುವವರಿದ್ದಾರೆ. ನಿಜ ಏನೆಂದರೆ ಒಂದು ಬದಿಗೆ ತರಬೇತಿ ಕೊಟ್ಟರೆ ಇನ್ನೊಂದು ಬದಿಯ ಬಲವೂ ಸ್ವಲ್ಪ ಏರುತ್ತದೆ. ಇದನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ 1894ರಲ್ಲೇ ಗಮನಿಸಿದ್ದರು. ಸ್ನಾಯುವಿನ ಗಾತ್ರ ಅಲ್ಲ, ನರಗಳ ಕಲಿಕೆ ಅದು. ಕಾಲು ಅಲುಗಾಡಿಸೋಕೆ ಆಗದವರಿಗೆ ಇದು ಪುಗಸಟ್ಟೆ ಸಿಗುವ ಲಾಭ.

ನನ್ನ ಹಾಗೆ ಒಳಬದಿಯ ಲಿಗಮೆಂಟಿಗೆ ಪೆಟ್ಟಾದವರಿಗೆ ಮಾತ್ರ ಒಂದು ಎಚ್ಚರಿಕೆ. ಕಣಕಾಲಿಗೆ ಕೇಬಲ್ ಅಥವಾ ಬ್ಯಾಂಡ್ ಕಟ್ಟಿ ಕಾಲನ್ನು ಒಳಕ್ಕೆ, ಇನ್ನೊಂದು ಕಾಲಿನ ಕಡೆಗೆ ಎಳೆಯುವ ವ್ಯಾಯಾಮ ಬೇಡ, ಅದು ಮಂಡಿಯ ಒಳಬದಿಯನ್ನೇ ಎಳೆಯುತ್ತದೆ. ಬ್ಯಾಂಡ್ ಮಂಡಿಯ ಮೇಲೆ, ತೊಡೆಗೆ ಕಟ್ಟಿಕೊಳ್ಳಿ. ಈಜುವವರು ಕಪ್ಪೆ ಕಾಲಿನ ಈಜು ಬಿಡಿ. ಜುಂಬಾ ಕ್ಲಾಸನ್ನು ಎಲ್ಲ ಥರದ ಮಂಡಿ ಪೆಟ್ಟಿನವರೂ ಸದ್ಯಕ್ಕೆ ಮರೆತುಬಿಡಿ. ಗೆಳತಿಯರು ಕರೆಯುತ್ತಾರೆ, ಹೋಗಬೇಡಿ.

ಸೈಕಲ್

ಜಿಮ್‌ನಲ್ಲಿ ಪೆಟ್ಟಾದ ಮಂಡಿಗೆ ಮೊದಲ ಗೆಳೆಯ ಮೂಲೆಯಲ್ಲಿರುವ ಆ ಹಳೇ ಸೈಕಲ್. ಆದರೆ ಸೀಟಿನ ಎತ್ತರ ಸರಿ ಮಾಡದೆ ಹತ್ತಬೇಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸುಮಾರು 25ರಿಂದ 35 ಡಿಗ್ರಿ ಮಡಚಿರಬೇಕು. ಕೋನ ಅಳೆಯೋಕೆ ಯಾರೂ ಬರಲ್ಲ, ಹಾಗಾಗಿ ಹೀಗೆ ಮಾಡಿ: ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಸರಿಯಾದ ಮಡಿಕೆ ತಾನಾಗೇ ಬರುತ್ತದೆ. ಸೀಟು ತಗ್ಗಿದ್ದರೆ ಮಂಡಿಚಿಪ್ಪಿನ ಹಿಂದೆ ಒತ್ತಡ ಜಾಸ್ತಿ.

ಪೆಡಲ್ ಪೂರ್ತಿ ಸುತ್ತೋಕೆ ಮಂಡಿ 105–110 ಡಿಗ್ರಿಯಷ್ಟು ಮಡಚಬೇಕಾಗುತ್ತದೆ. ಅಷ್ಟು ಬರದಿದ್ದರೆ ಒತ್ತಾಯ ಮಾಡಬೇಡಿ. ಮುಂದಕ್ಕೆ ಅರ್ಧ, ಹಿಂದಕ್ಕೆ ಅರ್ಧ, ತೊಟ್ಟಿಲು ತೂಗಿದಂತೆ ತೂಗುತ್ತಿರಿ. ಒಂದು ದಿನ ಹಿಂದಕ್ಕೆ ತುಳಿಯುವಾಗ ಪೂರ್ತಿ ಸುತ್ತು ಬಂದುಬಿಡುತ್ತದೆ, ಮುಂದಕ್ಕೆ ಸುತ್ತುವುದು ಅದರ ಬೆನ್ನಿಗೇ ಬರುತ್ತದೆ. ರೆಸಿಸ್ಟೆನ್ಸ್ ಕಡಿಮೆ, ಸಮಯ ಹತ್ತು ನಿಮಿಷ. ಮಾರನೇ ಬೆಳಿಗ್ಗೆ ತಾಳೆ.

ಭಾರ ಹಾಕುವ ಹಂತ

ನೀರು ಇಳಿದು, ಮಂಡಿ ನೇರವಾಗಿ, ತೊಡೆ ಉಬ್ಬೋಕೆ ಶುರುವಾದ ಮೇಲೆ ನಿಜವಾದ ಕೆಲಸ. ಇಲ್ಲಿ ಜನ ಎರಡು ಥರ. ನೋವಿಲ್ಲ ಅಂತ ನೇರ ಹಳೇ ಸ್ಕ್ವಾಟ್‌ಗೆ ಹೋಗುವವರು, ಇನ್ನು ಮಂಡಿ ಮುಟ್ಟುವುದೇ ಇಲ್ಲ ಅಂತ ಬರೀ ಕೈ ವ್ಯಾಯಾಮ ಮಾಡಿಕೊಂಡಿರುವವರು. ಎರಡನೆಯವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಲಿಗಮೆಂಟಿಗೂ ಭಾರ ಬೇಕು, ಭಾರ ಸಿಕ್ಕರೇ ಅದು ಗಟ್ಟಿಯಾಗಿ ಹೆಣೆದುಕೊಳ್ಳುವುದು.

ಕುರ್ಚಿಯಿಂದ ಶುರು ಮಾಡಿ. ಎರಡು ಕಾಲಿನಲ್ಲಿ ಕುರ್ಚಿಯಿಂದ ಏಳುವುದು, ಮೂರು ಸೆಕೆಂಡ್ ತೆಗೆದುಕೊಂಡು ಕೂರುವುದು. ಕನ್ನಡಿ ಮುಂದೆ ಮಾಡಿ. ನಮಗೆ ಗೊತ್ತಿಲ್ಲದೆ ಮೈಯ ಭಾರವೆಲ್ಲ ಚೆನ್ನಾಗಿರುವ ಕಾಲಿಗೆ ಹೋಗಿರುತ್ತದೆ, ಸೊಂಟ ಆ ಕಡೆ ವಾಲಿರುವುದು ಕನ್ನಡಿಯಲ್ಲಿ ಕಾಣುತ್ತದೆ. ಎರಡು ತೂಕದ ಯಂತ್ರ ಇದ್ದರೆ ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನೋಡಿ, ಲೆಕ್ಕ ಬಯಲಾಗುತ್ತದೆ.

ಆಮೇಲೆ ಎರಡು ಕಾಲಿನ ಲೆಗ್ ಪ್ರೆಸ್. ಮಂಡಿ ಅರ್ಧದಷ್ಟು ಮಾತ್ರ ಮಡಚಿ, 60 ಡಿಗ್ರಿ ಸಾಕು. ವಾರ ಕಳೆದಂತೆ 90ಕ್ಕೆ ಹೋಗಿ. ತೊಡೆಯ ಹಿಂಭಾಗಕ್ಕೆ ಮಲಗಿ ಸೊಂಟ ಎತ್ತುವ ಬ್ರಿಡ್ಜ್, ಆಮೇಲೆ ಹಗುರ ಡಂಬೆಲ್ ಹಿಡಿದು ಸೊಂಟದಿಂದ ಬಾಗಿ ಏಳುವ ರೊಮೇನಿಯನ್ ಡೆಡ್‌ಲಿಫ್ಟ್. ಇದರಲ್ಲಿ ಮಂಡಿ ಹೆಚ್ಚು ಮಡಚುವುದಿಲ್ಲ, ಹಾಗಾಗಿ ಬೇಗ ಶುರು ಮಾಡಬಹುದು. ಮೀನಖಂಡಕ್ಕೆ ನಿಂತು ಹಿಮ್ಮಡಿ ಎತ್ತುವುದು, ಕೂತು ಎತ್ತುವುದು ಎರಡೂ ಬೇಕು. ಲೆಗ್ ಎಕ್ಸ್‌ಟೆನ್ಶನ್ ಯಂತ್ರವನ್ನು ಕೆಟ್ಟದ್ದು ಅಂತ ಬೈಯುವವರಿದ್ದಾರೆ. ನನಗೆ ತೊಡೆ ವಾಪಸ್ ತಂದುಕೊಟ್ಟಿದ್ದೇ ಅದು. ಆದರೆ ಎಸಿಎಲ್ ಆಪರೇಷನ್ ಆದವರು ಫಿಸಿಯೋ ಹೇಳದೆ ಅದನ್ನು ಮುಟ್ಟಬೇಡಿ. ಕಾಲು ಕೊನೆಯಲ್ಲಿ ನೇರವಾಗುವಾಗ ಹೊಸ ಲಿಗಮೆಂಟಿನ ಮೇಲೆ ಎಳೆತ ಬೀಳುತ್ತದೆ.

ಮೆಟ್ಟಿಲು ವ್ಯಾಯಾಮಕ್ಕೆ ತಗ್ಗು ಸ್ಟೆಪ್ ಹುಡುಕಿ, 10 ಸೆಂಟಿಮೀಟರ್ ಸಾಕು. ಭಾರದ ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟೂ ಮಾಡಬಹುದು, ಜಾರದ ಹಾಗೆ ಕೆಳಗೆ ರಬ್ಬರ್ ಮ್ಯಾಟ್ ಇರಲಿ. ಹತ್ತುವುದು ಸುಲಭ. ಪೆಟ್ಟಾದ ಕಾಲನ್ನು ಮೇಲಿಟ್ಟುಕೊಂಡು ಇನ್ನೊಂದನ್ನು ನಿಧಾನಕ್ಕೆ ಕೆಳಗಿಳಿಸುವುದು ನಿಜವಾದ ಪರೀಕ್ಷೆ. ಕನ್ನಡಿಯಲ್ಲಿ ನೋಡಿ, ಮಂಡಿ ಹೆಬ್ಬೆರಳಿನ ಕಡೆ ಒಳಗೆ ವಾಲುತ್ತಿದ್ದರೆ ಸ್ಟೆಪ್ ಇನ್ನೂ ತಗ್ಗಿಸಿ. ಸಲೀಸಾದ ಮೇಲೆ 20 ಸೆಂಟಿಮೀಟರ್‌ವರೆಗೆ ಏರಿಸಿ.

"ಮಂಡಿ ಕಾಲ್ಬೆರಳು ದಾಟಬಾರದು" ಅಂತ ಪ್ರತಿ ಜಿಮ್‌ನಲ್ಲೂ ಒಬ್ಬರು ಹೇಳುತ್ತಾರೆ ಅಲ್ವಾ? 2003ರಲ್ಲಿ ಒಂದು ಅಧ್ಯಯನ ಬಂತು. ಮಂಡಿ ಮುಂದೆ ಹೋಗದಂತೆ ಹಲಗೆ ಅಡ್ಡ ಇಟ್ಟು ಸ್ಕ್ವಾಟ್ ಮಾಡಿಸಿದರು. ಮಂಡಿಯ ಮೇಲಿನ ತಿರುಚು ಬಲ ಸುಮಾರು ಐದನೇ ಒಂದು ಭಾಗ ಇಳಿಯಿತು, ಆದರೆ ಸೊಂಟದ ಕೀಲಿನ ಮೇಲೆ ಹತ್ತುಪಟ್ಟಿಗೂ ಮೀರಿ ಏರಿತು. ಪೆಟ್ಟಾದ ಹೊಸದರಲ್ಲಿ ಮಂಡಿ ಹಿಂದೆ ಇಟ್ಟುಕೊಳ್ಳುವುದು ಒಳ್ಳೆಯದೇ. ಜೀವನಪೂರ್ತಿ ಹಾಗೇ ಇರಬೇಕಾಗಿಲ್ಲ, ಮೆಟ್ಟಿಲು ಇಳಿಯುವಾಗ ಮಂಡಿ ಬೆರಳು ದಾಟಿಯೇ ದಾಟುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಭಾರ ಏರಿಸಿದ ದಿನ ಆಳ ಹೆಚ್ಚಿಸಬೇಡಿ, ಹೊಸ ವ್ಯಾಯಾಮ ಸೇರಿಸಿದ ದಿನ ಸೈಕಲ್ ಸಮಯ ಹೆಚ್ಚಿಸಬೇಡಿ. ಬೆಳಿಗ್ಗೆ ಊತ ಕಂಡರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ? ಕಾಲಿನ ಕೆಲಸ ದಿನ ಬಿಟ್ಟು ದಿನ. ಅತಿ ಸಣ್ಣ ಪ್ಲೇಟು ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ, ಅದು ಯಾವಾಗಲೂ ಬೆಂಚಿನ ಕೆಳಗೆ ಬಿದ್ದಿರುತ್ತದೆ.

ಜಿಮ್ ಹೊರಗೆ

ಜಿಮ್‌ನಲ್ಲಿ ಇರುವುದು ಒಂದು ಗಂಟೆ. ಮಂಡಿ ಕೆಡುವುದು ಉಳಿದ ಹೊತ್ತಿನಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಸಿಟಿ ಬಸ್ಸಿನ ಮೆಟ್ಟಿಲಿಗೂ ಇದೇ ನಿಯಮ, ಕಂಡಕ್ಟರ್ ಎಷ್ಟೇ ಆತುರ ಮಾಡಿದರೂ. ಸ್ಕೂಟರನ್ನು ಸೆಂಟರ್ ಸ್ಟ್ಯಾಂಡ್ ಹಾಕುವ ಕೆಲಸ ಬೇರೆಯವರಿಗೆ ಕೊಡಿ. ಸಿಗ್ನಲ್‌ನಲ್ಲಿ ಒಳ್ಳೆ ಕಾಲು ಊರಿ ನಿಲ್ಲಿ. ಚಕ್ಕಂಬಕ್ಕಳ ಹಾಕಿ ಕೂರುವುದು, ಮಣೆ ಮೇಲೆ ಕೂತು ಊಟ, ಇಂಡಿಯನ್ ಶೌಚಾಲಯ, ಇವೆಲ್ಲ ಕೊನೆಗೆ ಬರಬೇಕಾದವು. ಮೆನಿಸ್ಕಸ್ ಪೆಟ್ಟಿನವರಿಗಂತೂ ಆಳಕ್ಕೆ ಮಡಚಿ ತಿರುಚುವುದು ಎಲ್ಲಕ್ಕಿಂತ ಅಪಾಯ. ಮದುವೆ ಮನೆಯಲ್ಲಿ ಟೇಬಲ್ ಪಂಕ್ತಿಗೆ ಹೋಗಿ. ದಸರಾ ಗೊಂಬೆ ಕೂರಿಸುವವರು ಕೆಳಗಿನ ಮೆಟ್ಟಿಲು ಜೋಡಿಸುವುದನ್ನು ಮಕ್ಕಳಿಗೆ ಬಿಡಿ.

ಊಟದ ಬಗ್ಗೆ ಚುಟುಕಾಗಿ. ಸ್ನಾಯು ಕಟ್ಟುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ 1.6 ಗ್ರಾಂ ಪ್ರೋಟೀನ್ ಒಳ್ಳೆಯ ಗುರಿ. 60 ಕಿಲೋ ಇದ್ದರೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಮಾತ್ರ. ರಾಗಿ ಒಳ್ಳೆಯದೇ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಏಳು ಗ್ರಾಂ ಆಸುಪಾಸು, ಮುದ್ದೆಯೊಂದನ್ನೇ ನಂಬಿಕೊಂಡರೆ ಸಾಲದು. ಹುರುಳಿ, ಕಾಳುಸಾರು, ಮೊಸರು, ಸೋಯಾ, ಮೀನು ಯಾವುದು ಒಗ್ಗುತ್ತದೋ ಅದನ್ನು ಪಕ್ಕದಲ್ಲಿ ಜೋರಾಗಿ ಬಡಿಸಿಕೊಳ್ಳಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ. ಮೆಡಿಕಲ್ ಶಾಪಿನ ನೀ ಕ್ಯಾಪ್ ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ. ಲಿಗಮೆಂಟನ್ನು ಹಿಡಿದಿಡುವುದಿಲ್ಲ.

ಆಟಕ್ಕೆ ಯಾವಾಗ?

ನೋವು ಹೋಯಿತು ಅಂದರೆ ಆಟಕ್ಕೆ ರೆಡಿ ಅಂತಲ್ಲ. ಪೆಟ್ಟಾದ ಕಾಲಿನ ಬಲ ಇನ್ನೊಂದರ 90 ಶೇಕಡಾ ಮುಟ್ಟಬೇಕು ಅನ್ನುವುದು ಫಿಸಿಯೋಗಳು ಬಳಸುವ ಸಾಮಾನ್ಯ ಗಡಿ. ಲೆಗ್ ಪ್ರೆಸ್ ಮತ್ತು ಎಕ್ಸ್‌ಟೆನ್ಶನ್‌ನಲ್ಲಿ ಒಂದೊಂದೇ ಕಾಲಿನಲ್ಲಿ ಮಾಡಿ ಹೋಲಿಸಿ. ತೊಡೆಯ ಸುತ್ತಳತೆಯನ್ನೂ ನೋಡಿ, ಮಂಡಿಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ. ಒಂದೇ ಕಾಲಿನಲ್ಲಿ ಕುರ್ಚಿಯಿಂದ ಎದ್ದು ಕೂರೋಕೆ ಬರಬೇಕು. ಆಮೇಲೆ ಒಂಟಿ ಕಾಲಿನಲ್ಲಿ ಮುಂದಕ್ಕೆ ಹಾರಿ ಅಲುಗಾಡದೆ ನಿಲ್ಲೋಕೆ. ಎಸಿಎಲ್ ಆಪರೇಷನ್ ಆದವರಿಗೆ ಗಡುವು ಇನ್ನೂ ಉದ್ದ. 2016ರ ನಾರ್ವೆ ಅಧ್ಯಯನವೊಂದರಲ್ಲಿ, ಒಂಬತ್ತನೇ ತಿಂಗಳವರೆಗೆ ಆಟಕ್ಕೆ ವಾಪಸಾಗುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಪೆಟ್ಟಿನ ಪ್ರಮಾಣ ಅರ್ಧದಷ್ಟು ಇಳಿದಿತ್ತು. ಡಿಸೆಂಬರ್ ಟೂರ್ನಮೆಂಟ್ ತಪ್ಪಿದರೆ ತಪ್ಪಲಿ.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಕಣ್ಣೆದುರೇ ಇದೆ. ಹತ್ತೋಕೆ ಆಸೆಯಾದರೆ ಹತ್ತಿ, ಇಳಿಯುವಾಗ ಬಸ್ಸಿಗೆ ಬನ್ನಿ. ಮಂಡಿಯನ್ನು ಕಾಡುವುದು ಇಳಿಜಾರು. ಇಳಿಯುವುದನ್ನೂ ಸೇರಿಸುವಾಗ ಮೊದಲು ನಂದಿವರೆಗೆ ಮಾತ್ರ ಹತ್ತಿ, ಅಲ್ಲಿಂದ ಇಳಿದು ನೋಡಿ. ಗರಡಿಯಲ್ಲಿ ಬಸ್ಕಿ ಹೊಡೆಯುವವರು ಅರ್ಧ ಬಸ್ಕಿಯಿಂದ ಶುರು ಮಾಡಿ, ಪೂರ್ತಿ ಕುಕ್ಕರಗಾಲಿನವರೆಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ.

ಥ್ರೋಬಾಲ್‌ಗೆ ನಾನು ವಾಪಸಾಗಿದ್ದು ಹೀಗೆ: ಮೊದಲು ನಿಂತಲ್ಲೇ ಬಾಲ್ ಹಿಡಿದು ಎಸೆಯುವುದು. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಹಿಡಿಯುವುದು, ಯಾವ ಕಡೆಗೆ ಅಂತ ಮೊದಲೇ ಹೇಳಿಸಿಕೊಂಡು. ಆಮೇಲೆ ಹೇಳಿಸಿಕೊಳ್ಳದೆ. ಪ್ರತಿಯೊಂದಕ್ಕೂ ಮಾರನೇ ಬೆಳಿಗ್ಗೆ ಟೇಪು. ಪಂದ್ಯ ಆಡುವುದು ಇವೆಲ್ಲ ಮುಗಿದ ಮೇಲೆ, ಅದೂ ಮೊದಲು ಒಂದೇ ಸೆಟ್. ಬಾಲಿಗೆ ಓಡುವಾಗ "ನಂದು!" ಅಂತ ಜೋರಾಗಿ ಕೂಗುವ ಅಭ್ಯಾಸವನ್ನು ಈಗ ನಮ್ಮ ತಂಡಕ್ಕೆಲ್ಲ ಮಾಡಿಸಿದ್ದೇನೆ.